ಅಜ್ಜಿಯ ಪಾಲಿನ ಮೊಟ್ಟೆ

ಮೊಟ್ಟೆ ಸುಲಿಯುವುದರಲ್ಲಿ ಬಿಶ್ಯಾಳನ್ನು ಮೀರಿಸುವವರು ಊರಲ್ಲಿ ಯಾರೂ ಇರಲಿಲ್ಲ. ಬೆಂದ ಮೊಟ್ಟೆಯನ್ನು ತಣ್ಣೀರಿನ ಬೋಗುಣಿಯೊಳಗೇ ಒಂದು ಸಲ ಕುಟ್ಟಿ, ಹೆಬ್ಬೆರಳಿನಿಂದ ಒತ್ತಿ ತಿರುಗಿಸಿದಳೆಂದರೆ ಸಿಪ್ಪೆ ಮಗುವಿನ ಅಂಗಿ ಕಳಚಿದ ಹಾಗೆ ಬಂದುಬಿಡುತ್ತಿತ್ತು. ದೇವಸ್ಥಾನದ ಪಕ್ಕದ ಹಜಾರದಲ್ಲಿ ವಾರಕ್ಕೆ ಐದು ದಿನ ಊರಿನ ವಯಸ್ಸಾದವರಿಗೆಲ್ಲ ಒಟ್ಟಿಗೆ ಮಧ್ಯಾಹ್ನದ ಊಟ. ಅಡುಗೆ ಬಿಶ್ಯಾಳದು. ನಲವತ್ತೆರಡು ತಟ್ಟೆ, ನಲವತ್ತೆರಡು ಮೊಟ್ಟೆ. ಸುಲಿದ ಮೊಟ್ಟೆಗಳನ್ನು ಸೋಯಾ ರಸಕ್ಕೆ ಹಾಕಿ, ನಾಲ್ಕು ಚಕ್ರಮೊಗ್ಗು ಬಿಟ್ಟು, ಹುಣಸೆಬೀಜದ ಬಣ್ಣ ಬರುವ ತನಕ ಸಣ್ಣ ಉರಿಯಲ್ಲಿ ಇಡಬೇಕು. ಏಳೂವರೆಗೆ ಒಲೆ ಹೊತ್ತಿದರೆ ಹನ್ನೊಂದೂವರೆಗೆ ಸರಿಹೋಗುತ್ತದೆ.

ಅವತ್ತು ಹತ್ತೊಂಬತ್ತನೆಯ ಮೊಟ್ಟೆ ಕೈಯಲ್ಲಿದ್ದಾಗ ಫೋನು ಹೊಡೆದುಕೊಂಡಿತು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ ಎತ್ತಿದರೆ ಊರಿನ ಕ್ಲಿನಿಕ್ಕಿನ ನರ್ಸು.

"ಫಾನ್ ಮನ್‌ಮೋಯ್ ಅವರ ಸೊಸೆ ತಾನೆ? ನಿಮ್ಮತ್ತೆಯ ರಕ್ತದ ರಿಪೋರ್ಟು ಬಂದಿದೆ. ಸಕ್ಕರೆ ಕಾಯಿಲೆ ಇಲ್ಲ. ಕಾಲಿನ ರಕ್ತನಾಳ ಚೆನ್ನಾಗಿದೆ. ಆದರೆ ರಕ್ತದಲ್ಲಿ ಪ್ರೋಟೀನು ತುಂಬ ಕಡಿಮೆ. ಏಳು ವಾರದಿಂದ ಗಾಯ ಮುಚ್ಚಿಲ್ಲ ಅಂದರೆ ಅದಕ್ಕೇ ಇರಬೇಕು ಅಂತಾರೆ ಡಾಕ್ಟ್ರು. ಅವರು ಊಟ ಸರಿಯಾಗಿ ಮಾಡ್ತಾರಾ?"

ಬಿಶ್ಯಾಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಅನ್ನ ಹಾಕುವವಳಿಗೆ, ನಿಮ್ಮನೆಯವರು ಊಟ ಮಾಡುತ್ತಾರಾ ಎಂದು ಕೇಳಿದರೆ ಹೇಗಿರಬೇಡ.

"ನೋಡಮ್ಮ, ದಿನಾ ಮಧ್ಯಾಹ್ನ ನಾನೇ ಅವರಿಗೆ ಬಡಿಸ್ತೀನಿ. ಒಂದು ಮೊಟ್ಟೆ, ಮೀನೋ ಮಾಂಸವೋ ಒಂದು ತುಂಡು, ಜೊತೆಗೆ ತೋಫು. ತಟ್ಟೆ ವಾಪಸ್ ಬಂದಾಗ ನೆಕ್ಕಿದ ಹಾಗಿರುತ್ತೆ. ಆ ರಕ್ತ ಇನ್ಯಾರದೋ ಇರಬೇಕು, ಇನ್ನೊಂದ್ಸಲ ನೋಡಿ."

"ಎರಡು ಸಲ ನೋಡಿದೀವಿ ಅಕ್ಕ," ಎಂದಳು ನರ್ಸು, ಬೇಸರವಿಲ್ಲದೆ. "ಮೂರು ವಾರ ಕಾಯೋಣ ಅಂದಿದಾರೆ ಡಾಕ್ಟ್ರು. ಅಷ್ಟರಲ್ಲಿ ಗಾಯದ ಅಂಚು ಒಳಗೆ ಸರಿಯೋಕೆ ಶುರುವಾಗದಿದ್ದರೆ ಶಿಂಚುವಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತೆ. ತೊಡೆಯಿಂದ ಚರ್ಮ ತೆಗೆದು ಗಾಯದ ಮೇಲೆ ಹಾಕ್ತಾರೆ."

ಫೋನಿಟ್ಟ ಮೇಲೆ ಬಿಶ್ಯಾ ಹತ್ತೊಂಬತ್ತನೆಯ ಮೊಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ದೊಡ್ಡಾಸ್ಪತ್ರೆ ಎಂಬ ಮಾತನ್ನು ಅತ್ತೆಯ ಮುಂದೆ ಎತ್ತುವ ಹಾಗಿರಲಿಲ್ಲ. ಆರು ವರ್ಷದ ಹಿಂದೆ ಮಾವ ಅಲ್ಲಿಗೆ ತಮ್ಮ ಕಾಲ ಮೇಲೇ ನಡೆದು ಹೋಗಿ, ಮಲಗಿಕೊಂಡು ಬಂದಿದ್ದರು. ಆಸ್ಪತ್ರೆಯ ತಪ್ಪೇನಿರಲಿಲ್ಲ, ಕಾಯಿಲೆ ಬಲಿತಿತ್ತು. ಆದರೆ ಅತ್ತೆ ಅವತ್ತೇ ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡು ಹೇಳಿಬಿಟ್ಟಿದ್ದರು: "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗೋದಾದ್ರೆ ಮೊದಲೇ ಹೇಳಿ, ಪೆಟ್ಟಿಗೇಲಿಟ್ಟಿರೋ ಸೀರೇನೆಲ್ಲ ಹಂಚಿಬಿಟ್ಟು ಬರ್ತೀನಿ." ಅವರು ಸೀರೆಯುಡುವವರಲ್ಲ, ಅವರ ಪೆಟ್ಟಿಗೆಯಲ್ಲಿ ಇದ್ದದ್ದು ನೀಲಿ ಅಂಗಿಗಳು, ಆದರೆ ಆ ಮಾತಿನ ಭಾರ ಈ ಕಥೆ ಓದುವ ನಮ್ಮ ಕಡೆಯವರಿಗೆ ತಿಳಿಯಬೇಕಾದರೆ ಸೀರೆಯೆಂದೇ ಹೇಳಬೇಕು.

ಗಾಯವಾದರೂ ಎಷ್ಟರದು. ನಿಲ್ಲಿಸಿದ್ದ ಸ್ಕೂಟರಿನ ಕಾಲುಮೆಟ್ಟು ಮೊಳಕಾಲ ಕೆಳಗೆ ತರಚಿತ್ತು, ಅಷ್ಟೆ. ಪೇಯೂಗೆ ಆಗಿದ್ದರೆ ನಾಲ್ಕು ದಿನದಲ್ಲಿ ಹಕ್ಕಳೆ ಕಟ್ಟಿ, ಅವಳದನ್ನು ಕಿತ್ತು, ಬೈಸಿಕೊಂಡು, ಮರೆತೂ ಬಿಡುತ್ತಿದ್ದಳು.

ಪೇಯೂ ಬಿಶ್ಯಾಳ ಮಗಳು, ಮೂರನೆಯ ತರಗತಿ. ಅಜ್ಜಿಯ ಗಾಯಕ್ಕೆ ಪಟ್ಟಿ ಬದಲಾಯಿಸುವಾಗ ಟಾರ್ಚು ಹಿಡಿಯುವುದು ಅವಳ ಕೆಲಸ. ಆ ಸಂಜೆಯೂ ಹಿಡಿದಳು. ಹತ್ತು ಯುವಾನಿನ ನಾಣ್ಯವನ್ನು ಗಾಯದ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದು, "ಇನ್ನೂ ನಾಣ್ಯದಷ್ಟೇ ಇದೆ ಅಮ್ಮ," ಎಂದು ವರದಿ ಒಪ್ಪಿಸಿದಳು.

"ನಾಣ್ಯ ದೊಡ್ಡದಾಗಿರಬೇಕು," ಎಂದರು ಅಜ್ಜಿ.

"ನಾಣ್ಯ ಎಲ್ಲಾದ್ರೂ ದೊಡ್ಡದಾಗುತ್ತಾ ಅಜ್ಜಿ."

"ಯಾಕಾಗಬಾರದು? ನೀನು ದೊಡ್ಡವಳಾಗ್ತಿಲ್ವಾ?"

ಬಿಶ್ಯಾ ನಗಲಿಲ್ಲ. "ಅತ್ತೆ, ಡಾಕ್ಟ್ರು ಹೇಳಿ ಕಳಿಸಿದಾರೆ. ಈ ಗಾಯ ತುಂಬೋದು ಔಷಧಿಯಿಂದಲ್ಲವಂತೆ, ಮೊಟ್ಟೆ ಮೀನಿಂದಂತೆ. ರಾತ್ರಿಗೂ ಒಂದು ಮೊಟ್ಟೆ ಹಾಕ್ತೀನಿ, ಬೇಡ ಅನ್ನಬೇಡಿ."

"ರಾತ್ರಿ ಹೊತ್ತು ನನಗೆ ಭಾರದ್ದು ಇಳಿಯೋಲ್ಲ ಕಣೆ. ಬೆಳಗ್ಗೆಯಂತೂ ನನ್ನ ವ್ರತ. ಮಧ್ಯಾಹ್ನ ನಿನ್ನ ಕೈಯೂಟ ಬೇಕಾದಷ್ಟಾಯಿತು."

ಇದೂ ನಿಜವೇ. ಬೆಳಗ್ಗೆ ಮಾಂಸ ಮೊಟ್ಟೆ ಮುಟ್ಟುವುದಿಲ್ಲವೆಂದು ಅತ್ತೆ ಗಂಡ ಸತ್ತ ವರ್ಷ ಹರಕೆ ಹೊತ್ತಿದ್ದರು. ಗಂಜಿ, ಒಣಮೂಲಂಗಿಯ ಉಪ್ಪಿನಕಾಯಿ, ಅಷ್ಟೆ. ಸಂಜೆ ಐದಕ್ಕೆ ಯಾರಿಗೂ ಕಾಯದೆ ಮತ್ತದೇ ಗಂಜಿ, ಅದೇ ಮೂಲಂಗಿ. ಬಿಶ್ಯಾ ಹಜಾರ ತೊಳೆದು, ಅಲ್ಲಿಂದ ಪರ್ಸಿಮನ್ ಹಣ್ಣು ಒಣಗಿಸುವ ಅಂಗಳಕ್ಕೆ ಹೋಗಿ ತಟ್ಟಿಗಳನ್ನು ಮಗುಚಿಹಾಕಿ ಮನೆಗೆ ಬರುವಷ್ಟರಲ್ಲಿ ಆರು ಗಂಟೆ. ಆ ಹೊತ್ತಿಗೆ ಅತ್ತೆಯ ಬಟ್ಟಲು ತೊಳೆದು ಬೋರಲು ಹಾಕಿರುತ್ತಿತ್ತು. ಮಧ್ಯಾಹ್ನ ಗಟ್ಟಿಯಾಗಿ ಉಣ್ಣುತ್ತಾರಲ್ಲ ಎಂದು ಬಿಶ್ಯಾ ಸುಮ್ಮನಿದ್ದಳು.

ಸರಿ, ಮಧ್ಯಾಹ್ನದ್ದನ್ನೇ ಹೆಚ್ಚಿಸಿದರಾಯಿತು. ಬಿಶ್ಯಾಗೆ ತನ್ನ ಕೈಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಾರನೆಯ ದಿನದಿಂದ ನಲವತ್ತೆರಡರ ಬದಲು ನಲವತ್ತಮೂರು ಮೊಟ್ಟೆ ಬೆಂದವು. ಅತ್ತೆಯ ತಟ್ಟೆಗೆ ಎರಡು. ಮೀನು ಹುರಿದ ದಿನ ಹೊಟ್ಟೆಯ ಭಾಗದ ಮೆತ್ತನೆಯ ತುಂಡು. ಹಂದಿಮಾಂಸವನ್ನು ಸಾಸಿವೆಸೊಪ್ಪಿನ ಉಪ್ಪಿನಕಾಯಿಯ ಜೊತೆ ಬೇಯಿಸಿದ ದಿನ, ಹಲ್ಲಿಲ್ಲದವರೂ ನುಂಗುವಷ್ಟು ಕರಗಿದ್ದು. ಬಡಿಸಿ ಒಲೆಯ ಹತ್ತಿರ ಹೋಗುವಳು. ಅಡುಗೆಯವಳು ಹಿರಿಯರ ಮೇಜಿಗೆ ಕೂರುವ ಪದ್ಧತಿ ಅಲ್ಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ಬಾಣಲೆಯ ಪಕ್ಕದಲ್ಲಿ ನಿಂತುಕೊಂಡು ಒಂದು ಬಟ್ಟಲು ಉಣ್ಣುವುದು, ಆಮೇಲೆ ತಟ್ಟೆ ತೊಳೆಯಲು ಕೈ ಹಾಕುವುದು. ತಟ್ಟೆಯೇ ಅವಳಿಗೆ ಸಾಕ್ಷಿ. ಅನ್ನ ಮಿಕ್ಕಿದ ತಟ್ಟೆ ಕಂಡರೆ ಯಾರಿಗೆ ಹಲ್ಲುನೋವು, ಸೊಪ್ಪು ಮಿಕ್ಕಿದ್ದು ಕಂಡರೆ ಯಾರ ಮಗ ಫೋನು ಮಾಡಿಲ್ಲ, ಎಲ್ಲ ಹೇಳುತ್ತಿದ್ದಳು. ಅತ್ತೆಯ ತಟ್ಟೆಯಲ್ಲಿ ಒಂದು ಅಗುಳೂ ಇರುತ್ತಿರಲಿಲ್ಲ. ತಟ್ಟೆ ಸುಳ್ಳು ಹೇಳುವುದಿಲ್ಲ ಎಂದು ಬಿಶ್ಯಾ ನಂಬಿದ್ದಳು.

ಒಂದು ವಾರವಾಯಿತು. ನಾಣ್ಯ ಹಿಡಿದರೆ ಗಾಯ ನಾಣ್ಯದಷ್ಟೇ.

ಬದಲಾದದ್ದು ಪೇಯೂ. ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲಮ್ಮ" ಎನ್ನತೊಡಗಿದಳು. ಎರಡು ತುತ್ತು ಕೆದಕಿ ಏಳುವಳು. ಹೊಟ್ಟೆಯಲ್ಲಿ ಹುಳವಾಗಿರಬೇಕೆಂದು ಬಿಶ್ಯಾ ಔಷಧಿ ಕುಡಿಸಿದಳು. ಆದರೆ ಊಟ ಬಿಟ್ಟ ಮಗು ಸೊರಗಬೇಕೋ ಬೇಡವೋ? ಎರಡನೆಯ ವಾರದ ಸೋಮವಾರ ಶಾಲೆಗೆ ಹೊರಡುವಾಗ ಲಂಗದ ಗುಂಡಿ ಟಪ್ಪೆಂದು ಹಾರಿ ಅಕ್ಕಿ ಡಬ್ಬದ ಕೆಳಗೆ ಉರುಳಿಹೋಯಿತು.

"ಇವಳು ಗಾಳಿ ತಿಂದು ಊದಿಕೋತಿದಾಳೆ," ಎಂದ ಬಿಶ್ಯಾಳ ಗಂಡ. ಅವನು ಗಾಜಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. "ನಮ್ಮ ಕಾರ್ಖಾನೇಲೂ ಹೀಗೇ, ಊದಿದಷ್ಟೂ ದುಂಡಗಾಗುತ್ತೆ."

"ಅಪ್ಪಾ," ಎಂದು ಪೇಯೂ ಮುಖ ಊದಿಸಿದಳು.

"ನೋಡು, ಈಗ ಹೂದಾನಿ ಆಯಿತು."

ಅಜ್ಜಿ ಮಾತ್ರ ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡು, ಕೆನ್ನೆ ಹಿಂಡಿ, ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವ ಹಾಗೆ ಬೆನ್ನು ತಟ್ಟಿದರು. "ಗಟ್ಟಿಯಾಗಿದಾಳೆ. ಹೀಗಿರಬೇಕು ಹೆಣ್ಣುಮಗು. ಯಾರ ಕಣ್ಣೂ ಬೀಳದಿರಲಿ."

ಇನ್ನೊಂದನ್ನೂ ಬಿಶ್ಯಾ ಗಮನಿಸಿದಳು. ಪಟ್ಟಿ ಬದಲಾಯಿಸುವಾಗ ಪೇಯೂ ಟಾರ್ಚು ಹಿಡಿದವಳು "ಅಮ್ಮಾ..." ಎನ್ನುವಳು.

"ಏನು ಪುಟ್ಟ?"

ಅಜ್ಜಿಯ ಮುಖ ನೋಡುವಳು. "ಏನಿಲ್ಲ."

ಮಾರನೆಯ ದಿನವೂ ಅದೇ. ತುಟಿ ತೆರೆಯುತ್ತಿತ್ತು, ಮಾತು ಹೊಸ್ತಿಲವರೆಗೆ ಬಂದು ಹಿಂದೆ ಹೋಗುತ್ತಿತ್ತು. ಒತ್ತಾಯ ಮಾಡಿ ಕೇಳಿದರೆ ಮಕ್ಕಳ ಮಾತು ಬಸವನಹುಳುವಿನ ಹಾಗೆ ಇನ್ನೂ ಒಳಕ್ಕೆ ಸರಿಯುತ್ತದೆ ಎಂದು ಬಲ್ಲ ಬಿಶ್ಯಾ ಸುಮ್ಮನಾದಳು. ಬಂದಾಗ ಬರಲಿ.

ಮೂರನೆಯ ವಾರದ ಬುಧವಾರ. ಶುಕ್ರವಾರ ಡಾಕ್ಟರು ಗಾಯ ನೋಡುವ ದಿನ. ಅಂದು ಬೆಳಗ್ಗೆ ಯೂವೆನ್ ಬಂದಳು. ಸರ್ಕಾರದ ಕಡೆಯಿಂದ ಇಂಥ ಹಜಾರಗಳ ಊಟ ನೋಡಿಕೊಳ್ಳುವ ಆಹಾರತಜ್ಞೆ. ಇಪ್ಪತ್ತಾರರ ಹುಡುಗಿ, ಸೈಕಲ್ಲಿನಷ್ಟೇ ತೆಳ್ಳಗೆ. ಮುದುಕಿಯರೆಲ್ಲ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಕಡ್ಡಿ ಪೈಲ್ವಾನ್.

ಬಿಶ್ಯಾ ತನ್ನ ಅಡುಗೆಯ ಪಟ್ಟಿಯನ್ನು ಅವಳ ಮುಂದೆ ಹಿಡಿದಳು. "ನೋಡಿ, ಇದಕ್ಕಿಂತ ಏನು ಬೇಕು? ದಿನಕ್ಕೆರಡು ಮೊಟ್ಟೆ. ಮೂರು ವಾರ. ಒಂದು ಕೂದಲೆಳೆಯಷ್ಟೂ ಗಾಯ ಮುಚ್ಚಿಲ್ಲ. ನಿಮ್ಮ ಪುಸ್ತಕದಲ್ಲಿ ಏನೋ ತಪ್ಪಿದೆ ಟೀಚರ್."

ಯೂವೆನ್ ಪಟ್ಟಿಯನ್ನು ಪೂರ್ತಿ ಓದಿದಳು. ತಲೆಯಾಡಿಸಿದಳು. "ಅಡುಗೆಯಲ್ಲಿ ತಪ್ಪಿಲ್ಲ ಅಕ್ಕ. ಅವರು ತಿನ್ನೋದನ್ನ ನೋಡಿದೀರಾ?"

"ತಟ್ಟೆ ನೋಡಿದೀನಿ."

"ಬಾಯಿ?"

ಬಿಶ್ಯಾ ಅಡುಗೆಯ ಪಟ್ಟಿಯನ್ನು ವಾಪಸ್ ತೆಗೆದುಕೊಂಡು ಮಡಚಿದಳು.

"ಇವತ್ತು ಬಡಿಸೋದು ನನಗೆ ಬಿಡಿ. ನೀವು ಅವರ ಮೇಜಲ್ಲಿ ಕೂತು ಊಟ ಮಾಡಿ."

"ಅಡುಗೆಯವಳು ಹೋಗಿ ಹಿರಿಯರ ಜೊತೆ ಕೂತರೆ ಏನಂದುಕೋತಾರೆ?"

"ಏನಂದುಕೋತಾರೆ ಅಂತಲೇ ನೋಡೋಣ."

ಹನ್ನೊಂದೂವರೆಗೆ ಬಿಶ್ಯಾ ಏಪ್ರನ್ನು ಬಿಚ್ಚಿಟ್ಟು, ಕಿಟಕಿಯ ಪಕ್ಕದ ದುಂಡುಮೇಜಿಗೆ ಹೋಗಿ ಕೂತಳು. ಅಲ್ಲಿ ಅತ್ತೆಯೂ ಸೇರಿ ಏಳು ಮಂದಿ ಮುದುಕಿಯರು. ಎಲ್ಲರ ಕೈಚೀಲವೂ ಮಡಿಲಲ್ಲೇ. ಅವಳು ಕೂತೊಡನೆ, ಕಾಗೆ ಗುಂಪಿನ ನಡುವೆ ಕಲ್ಲು ಬಿದ್ದಂತೆ ಮಾತು ನಿಂತಿತು.

"ಕಾಲು ನೋವಾ ಬಿಶ್ಯಾ?" ಎಂದು ಕೇಳಿದರು ಚುನ್‌ಮೋಯ್. ಅತ್ತೆಯ ಬಾಲ್ಯದ ಗೆಳತಿ, ಎಂಬತ್ತೊಂದು ವರ್ಷ, ಹುಬ್ಬಿಗೆ ಇನ್ನೂ ಕಾಡಿಗೆ ತೀಡುವವರು.

"ಇಲ್ಲ ಚಿಕ್ಕಮ್ಮ. ನಿಮ್ಮ ಜೊತೆ ಉಣ್ಣಬೇಕು ಅನ್ನಿಸ್ತು."

"ಉಣ್ಣಮ್ಮ, ಉಣ್ಣು. ಯಾರು ಬೇಡ ಅಂದರು."

ಎಲ್ಲರೂ ಉಣ್ಣತೊಡಗಿದರು. ಅನ್ನ ಹೋಯಿತು, ಸೊಪ್ಪು ಹೋಯಿತು, ಮೂಲಂಗಿ ಸಾರನ್ನು ಸುರ್‍ರೆಂದು ಕುಡಿದರು. ಮೊಟ್ಟೆ ಮಾತ್ರ ತಟ್ಟೆಯ ಮೂಲೆಯಲ್ಲಿ ಹೊಳೆಯುತ್ತ ಕೂತಿತ್ತು. ಅತ್ತೆಯ ತಟ್ಟೆಯಲ್ಲಿ ಎರಡು. ಮೀನೂ ಹಾಗೆಯೇ. ಬಿಶ್ಯಾ ತನ್ನ ಮೊಟ್ಟೆ ತಿಂದು ಮುಗಿಸಿದಳು. ಕಾದಳು. ಯಾರ ಊಟದ ಕಡ್ಡಿಯೂ ಮೊಟ್ಟೆಯ ಕಡೆ ಹೋಗಲಿಲ್ಲ. ಅನ್ನವಿಲ್ಲದ ಬಟ್ಟಲನ್ನು ಕಡ್ಡಿಯಿಂದ ಕೆರೆಯುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು.

"ಬಿಶ್ಯಾ, ಒಲೆ ಮೇಲೆ ಏನೋ ಸೀದ ವಾಸನೆ ಬರ್ತಿದೆ ನೋಡು," ಎಂದರು ಚುನ್‌ಮೋಯ್.

"ಒಲೆ ಆರಿಸಿದೀನಿ ಚಿಕ್ಕಮ್ಮ."

"ಹಾಗಾದ್ರೆ ಗ್ಯಾಸು ಸೋರ್ತಿರಬೇಕು."

"ಸಿಲಿಂಡರೂ ಬಂದ್ ಮಾಡಿದೀನಿ."

ಚುನ್‌ಮೋಯ್ ಸ್ವಲ್ಪ ಯೋಚಿಸಿದರು. "ಹೊರಗೆ ನಿನ್ನ ಸ್ಕೂಟರು ಬಿದ್ದ ಹಾಗೆ ಸದ್ದಾಯಿತಪ್ಪ."

"ಬಿದ್ದರೆ ಬೀಳಲಿ."

ಕೊನೆಗೆ ಅತ್ತೆಯೇ ಕಡ್ಡಿಗಳನ್ನು ಕೆಳಗಿಟ್ಟರು. "ಸಾಕು ಬಿಡೆ ಚುನ್‌ಮೋಯ್, ಇನ್ನು ಭೂಕಂಪ ಆಯಿತು ಅಂತ ಹೇಳೋದೊಂದು ಬಾಕಿ," ಎಂದು ಹೇಳಿ, ಚೀಲದ ಜಿಪ್ಪು ಎಳೆದು ಅಂಗೈಯಗಲದ ಸ್ಟೀಲ್ ಡಬ್ಬಿ ತೆಗೆದರು. ಸೊಸೆಯ ಕಣ್ಣಲ್ಲಿ ಕಣ್ಣಿಟ್ಟೇ ಎರಡೂ ಮೊಟ್ಟೆಯನ್ನು ಅದರೊಳಗಿಟ್ಟು, ಮೀನನ್ನು ಮೇಲೆ ಹೊದಿಸಿದರು. "ಕದ್ದದ್ದಲ್ಲ. ನನ್ನ ತಟ್ಟೆಯದು. ನನ್ನ ಪಾಲು, ಯಾರಿಗೆ ಬೇಕಾದ್ರೂ ಕೊಡ್ತೀನಿ."

ಅವರು ಧೈರ್ಯ ಮಾಡಿದ್ದೇ ತಡ, ಮೇಜಿನ ಸುತ್ತ ಜಿಪ್ಪುಗಳ ಸದ್ದು. ಒಂದು, ಎರಡು, ಮೂರು. ಬಿಸ್ಕತ್ತಿನ ಡಬ್ಬಿ, ಮೊಮ್ಮಗನ ಹಳೆಯ ಊಟದ ಡಬ್ಬಿ, ಕ್ರೀಮಿನ ಖಾಲಿ ಡಬ್ಬಿ. ಏಳೂ ಮೇಜಿನ ಮೇಲೆ ಬಂದವು, ತಟ್ಟೆಯ ಮೊಟ್ಟೆಗಳೆಲ್ಲ ಅವುಗಳೊಳಗೆ ಸೇರಿದವು.

ಎರಡು ವರ್ಷದಿಂದ ಹೆಮ್ಮೆಯಿಂದ ತೊಳೆದ ತಟ್ಟೆಗಳೆಲ್ಲ ಬಿಶ್ಯಾಳ ಕಣ್ಣ ಮುಂದೆ ಬಂದವು. ಲಂಗದ ಗುಂಡಿಯೂ ಬಂತು. ಶಾಲೆ ಬಿಟ್ಟ ಮೇಲೆ ಪೇಯೂಳನ್ನು ಕರೆತರುವವರು ಅತ್ತೆಯೇ.

"ಪೇಯೂಗಾ?" ಎಂದು ಕೇಳಿದಳು.

"ಮತ್ತಿನ್ಯಾರಿಗೆ? ನಾಲ್ಕು ಗಂಟೆಗೆ ಆ ಮಗು ಗೇಟಿನ ಹೊರಗೆ ಬರೋವಾಗ ಮುಖ ಬಾಡಿರುತ್ತೆ. ಕರ್ಪೂರದ ಮರದ ಕೆಳಗೆ ಕೂತು ಎರಡು ಮೊಟ್ಟೆ ತಿಂದಳು ಅಂದರೆ, ದೀಪಕ್ಕೆ ಎಣ್ಣೆ ಹಾಕಿದ ಹಾಗೆ."

"ಅತ್ತೆ, ಅವಳಿಗೆ ಶಾಲೇಲಿ ಮಧ್ಯಾಹ್ನ ಊಟ ಹಾಕ್ತಾರೆ. ರಾತ್ರಿ ನಾನು ಹಾಕ್ತೀನಿ. ನಿಮ್ಮ ಕಾಲು..."

"ನನ್ನ ಕಾಲು ಎಪ್ಪತ್ತೊಂಬತ್ತು ವರ್ಷ ನಡೆದಿದೆ. ಇನ್ನು ಎಲ್ಲಿಗೆ ಹೋಗಬೇಕಾಗಿದೆ ಅದಕ್ಕೆ? ಒಣಗಿದ ಮರಕ್ಕೆ ಗೊಬ್ಬರ ಹಾಕ್ತಾರಾ? ಸಸಿಗೆ ಹಾಕ್ತಾರೆ."

"ಸರಿಯಾಗಿ ಹೇಳಿದೆ," ಎಂದರು ಚುನ್‌ಮೋಯ್. "ಮುದುಕರು ಹಗುರವಾಗಿ ಉಣ್ಣಬೇಕು. ನಮ್ಮಮ್ಮ ತೊಂಬತ್ತರವರೆಗೆ ಗೆಣಸಿನ ಗಂಜೀಲೇ ಬದುಕಿದಳು."

ಸಾರಿನ ಪಾತ್ರೆ ಹಿಡಿದು ಬಂದ ಯೂವೆನ್ ಡಬ್ಬಿಗಳನ್ನು ನೋಡಿದಳು. ಬೈಯಲಿಲ್ಲ. ಪಾತ್ರೆ ಇಟ್ಟು, ಅಡುಗೆಮನೆಗೆ ಹೋಗಿ, ಎರಡೂ ಕೈಯಿಂದ ಕಬ್ಬಿಣದ ದೊಡ್ಡ ಬಾಣಲೆಯನ್ನು ಎತ್ತಿ ತಂದು ಪಕ್ಕದ ಕುರ್ಚಿಯ ಮೇಲಿಟ್ಟಳು. ಅವಳಿಗಿಂತ ಬಾಣಲೆಯೇ ತೂಕವಿದ್ದಂತಿತ್ತು.

"ಬಿಶ್ಯಾ ಅಕ್ಕ, ದಿನದ ಕೊನೇಲಿ ಇದಕ್ಕೆ ಏನು ಮಾಡ್ತೀರಿ?"

"ತೊಳೆದು ಎಣ್ಣೆ ಬಟ್ಟೇಲಿ ಒರೆಸ್ತೀನಿ. ಇಲ್ಲದಿದ್ದರೆ ಬೆಳಗಾಗೋದ್ರೊಳಗೆ ತುಕ್ಕು."

"ಅಜ್ಜೀರೇ, ನಮ್ಮ ಮೈಯೊಳಗೂ ಹಗಲೂ ರಾತ್ರಿ ಉರಿ ಇರುತ್ತೆ. ಉಸಿರಾಡೋದು, ಉಂಡದ್ದು ಅರಗೋದು, ಎಲ್ಲ ಉರೀನೇ. ಉರಿ ಇದ್ದ ಕಡೆ ತುಕ್ಕೂ ಹಿಡಿಯುತ್ತೆ. ಅದನ್ನ ಒರೆಸೋ ಎಣ್ಣೆ ಬಟ್ಟೇನ ಅಂಗಡೀಲಿ ತರೋಕಾಗಲ್ಲ, ಮೈಯೇ ಮಾಡಿಕೋಬೇಕು. ಹೆಚ್ಚಾಗಿ ಪಿತ್ತಜನಕಾಂಗದಲ್ಲಿ ಮಾಡಿಕೊಳ್ಳುತ್ತೆ. ಗ್ಲುಟಾಥಯೋನ್ ಅಂತ ಅದರ ಹೆಸರು."

"ಆ ಹೆಸರು ಹೇಳೋಕೆ ಹೋದ್ರೆ ನನ್ನ ಹಲ್ಲಿನ ಸೆಟ್ಟು ಸಾರಿಗೆ ಬೀಳುತ್ತೆ," ಎಂದರು ಚುನ್‌ಮೋಯ್.

"ಹೆಸರು ಬಿಡಿ. ಅದನ್ನ ಮಾಡೋ ಸಾಮಾನು ಬರೋದು ಮೊಟ್ಟೆ, ಮೀನು, ಮಾಂಸ, ತೋಫುವಿನಿಂದ. ಗಂಜಿ ಮೂಲಂಗೀಲಿ ಸಾಲದು. ಗಟ್ಟಿಮುಟ್ಟಾದ ಹರೆಯದವರ ತಟ್ಟೇಲೇ ಇದನ್ನ ಕಡಿಮೆ ಮಾಡಿ ನೋಡಿದಾರೆ. ಕೆಲವೇ ದಿನದಲ್ಲಿ ಆ ಬಟ್ಟೆ ನೇಯೋದು ನಿಧಾನ ಆಯಿತಂತೆ. ಇನ್ನು ವಯಸ್ಸಾದ ಮೈಯಂತೂ ಮೊದಲೇ ನಿಧಾನ. ಅದೇ ಸಾಮಾನು ಕೊಟ್ಟರೂ ಮಗುವಿನ ಮೈ ಮಾಡಿದಷ್ಟು ಮಾಡೋಕೆ ಅದಕ್ಕಾಗಲ್ಲ. ಹಾಗಾಗಿ ಮುದುಕರಿಗೆ ಕಡಿಮೆ ಅಲ್ಲ, ಮೈತೂಕಕ್ಕೆ ಲೆಕ್ಕ ಹಾಕಿದರೆ ಹರೆಯದವರಿಗಿಂತ ಹೆಚ್ಚೇ ಬೇಕು. ಮನ್‌ಮೋಯ್ ಅಜ್ಜಿಯ ಗಾಯ ಹೊಲಿಯೋಕೂ ಅದೇ ದಾರ, ತುಕ್ಕು ಒರೆಸೋಕೂ ಅದೇ ದಾರ. ದಾರದುಂಡೆ ಮಾತ್ರ ದಿನಾ ಡಬ್ಬೀಲಿ ಹೊರಗೆ ಹೋಗ್ತಿದೆ."

ಚುನ್‌ಮೋಯ್ ಬಾಣಲೆಯ ಅಂಚನ್ನು ಬೆರಳಿಂದ ತಟ್ಟಿ ನೋಡಿದರು.

"ಮಾತು ಚೆನ್ನಾಗಿದೆ," ಎಂದರು ಅತ್ತೆ. "ಆದರೆ ಟೀಚರಮ್ಮ, ಹಳೇ ಮನೆಗೆ ಯಾರಾದ್ರೂ ಹೊಸ ಹೆಂಚು ಹೊದಿಸ್ತಾರಾ?"

"ಸೋರೋದು ಹಳೇ ಮನೇನೇ ಅಲ್ವಾ ಅಜ್ಜಿ."

ಆರು ಮಂದಿ ಮುದುಕಿಯರು ನಕ್ಕರು. ಒಬ್ಬರು ಡಬ್ಬಿಯ ಮುಚ್ಚಳವನ್ನು ತೆರೆದು ಮೊಟ್ಟೆಯನ್ನು ಅನುಮಾನದಿಂದ ನೋಡಿದರು. ಅತ್ತೆ ನಗಲಿಲ್ಲ. ಡಬ್ಬಿಯ ಮೇಲೆ ಅಂಗೈಯಿಟ್ಟುಕೊಂಡೇ ಮಾತಾಡಿದರು. ದನಿ ಏರಲಿಲ್ಲ.

"ನಾವು ಏಳು ಜನ ಮಕ್ಕಳು. ನಾನೇ ಕಡೆಯವಳು. ಮನೇಲಿ ಎರಡು ಕೋಳಿ. ಮೊಟ್ಟೆ ಬೆಂದರೆ ಮೊದಲು ಅಪ್ಪನಿಗೆ, ಮಿಕ್ಕರೆ ಅಣ್ಣಂದಿರಿಗೆ. ಹುಡುಗೀರು ಸಿಪ್ಪೆ ಎತ್ತಿ ಹಾಕೋರು. ಸಿಪ್ಪೆಗೆ ಒಂದಿಷ್ಟು ಬಿಳಿ ಅಂಟಿಕೊಂಡಿದ್ದರೆ ನಾನು ಬೆರಳಿಂದ ಕೆರೆದು ತಿಂತಿದ್ದೆ. ಅಮ್ಮ ಕಂಡರೂ ಕಾಣದ ಹಾಗೆ ಇರೋಳು. ಈಗ ನನ್ನ ಮೊಮ್ಮಗಳು, ಹೆಣ್ಣುಮಗು, ಮರದ ಕೆಳಗೆ ರಾಣಿ ಹಾಗೆ ಕೂತು ಎರಡು ಮೊಟ್ಟೆ ತಿಂತಾಳೆ. ಅದನ್ನ ನೋಡೋದು ನನ್ನ ಊಟ. ಗಾಯ ಮುಚ್ಚಲಿ, ಬಿಡಲಿ. ದೊಡ್ಡಾಸ್ಪತ್ರೆಗೇ ಹೋಗಬೇಕು ಅಂದ್ರೆ ಹೋಗ್ತೀನಿ. ಆ ಮಗುವಿನ ಬಾಯಿಂದ ಮೊಟ್ಟೆ ಕಿತ್ತುಕೊಂಡು ನಾನು ತಿನ್ನೋಲ್ಲ."

ಯೂವೆನ್ ಬಾಣಲೆಯ ಹಿಡಿಗೆ ಮತ್ತೆ ಕೈ ಹಾಕಿದಳು. ಅತ್ತೆ ದೊಡ್ಡಾಸ್ಪತ್ರೆಗೆ ಹೋಗುತ್ತೇನೆಂದು ತಾವಾಗಿ ಹೇಳಿದ್ದು ಇದೇ ಮೊದಲು. ಹದಿನಾಲ್ಕು ವರ್ಷದಿಂದ ಬಿಶ್ಯಾ ಈ ಮನೆಯಲ್ಲಿದ್ದಾಳೆ. ಅತ್ತೆ ಒಂದು ಮಾತು ಆಡಿದರೆಂದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಶುಕ್ರವಾರ ಬರುತ್ತದೆ, ಡಾಕ್ಟರು ತಲೆಯಾಡಿಸುತ್ತಾರೆ, ಈ ಹೆಂಗಸು ನೀಲಿ ಅಂಗಿಗಳನ್ನೆಲ್ಲ ಹಂಚಿ ನೆಟ್ಟಗೆ ಕಾರು ಹತ್ತುತ್ತಾರೆ.

ಆಗ ಬಾಗಿಲ ಕಡೆಯಿಂದ ಚೀಲ ನೆಲಕ್ಕಿಟ್ಟ ಸದ್ದಾಯಿತು.

ಬುಧವಾರ ಅರ್ಧ ದಿನ ಶಾಲೆ, ಆಮೇಲೆ ನಾಲ್ಕರ ತನಕ ಅಲ್ಲೇ ಮನೆಪಾಠ. ಮಧ್ಯಾಹ್ನದ ಪಾಠದ ಟೀಚರಿಗೆ ಜ್ವರವಾದ್ದರಿಂದ ಪೇಯೂ ರಸ್ತೆ ದಾಟಿ ನೇರ ಹಜಾರಕ್ಕೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಟೋಪಿಯ ದಾರ ಗಲ್ಲದ ಕೆಳಗೆ ಬಿಗಿದೇ ಇತ್ತು.

"ಬಂದೆಯಾ ಬಂಗಾರ," ಎಂದ ಅಜ್ಜಿಯ ಮುಖ ಅರಳಿತು. ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದರು. "ಬಾ, ಇಲ್ಲೇ ಕೂತು ತಿನ್ನು. ಇವತ್ತೂ ಹಜಾರದಲ್ಲಿ ಎರಡು ಮಿಕ್ಕಿತ್ತು."

ಪೇಯೂ ಹತ್ತಿರ ಬಂದಳು, ಕೂರಲಿಲ್ಲ. ಮೇಜಿನ ಸುತ್ತ ಒಂದೊಂದೇ ತಟ್ಟೆ ನೋಡಿದಳು. ಚುನ್‌ಮೋಯ್ ಅಜ್ಜಿಯ ತಟ್ಟೆ, ಅದರಾಚೆಯದು, ಅದರಾಚೆಯದು. ಎಲ್ಲಿಯೂ ಏನೂ ಮಿಕ್ಕಿರಲಿಲ್ಲ. ಆಮೇಲೆ ಡಬ್ಬಿಗಳನ್ನು ನೋಡಿದಳು. ಗಾಯಕ್ಕೆ ನಾಣ್ಯ ಹಿಡಿದು ಅಳೆಯುವಾಗಿನ ಹಾಗೆ ಅವಳ ಹುಬ್ಬು ಗಂಟಿಕ್ಕಿತ್ತು. ಪಕ್ಕದ ಮೇಜಿನ ಮುದುಕರೂ ಕಡ್ಡಿ ಕೆಳಗಿಟ್ಟು ಈ ಕಡೆ ತಿರುಗಿದ್ದರು.

"ತಿನ್ನೇ," ಎಂದರು ಅಜ್ಜಿ. "ಆರಿ ಹೋಗುತ್ತೆ."

ಪೇಯೂ ಬಾಯಿ ತೆರೆದಳು. ಮುಚ್ಚಿದಳು. ಅಮ್ಮನ ಕಡೆ ನೋಡಿದಳು. ಬಿಶ್ಯಾ ಕೈ ಚಾಚಲಿಲ್ಲ. ಇಷ್ಟು ದಿನ ಕಾದದ್ದಾಗಿದೆ, ಇನ್ನೊಂದು ಉಸಿರಿನಷ್ಟು ಕಾಯುವುದೇನು ದೊಡ್ಡದು.

ಪೇಯೂ ಬಗ್ಗಿ, ಅಜ್ಜಿಯ ಕಾಲಿನ ಬಿಳಿಯ ಪಟ್ಟಿಯನ್ನು ಒಮ್ಮೆ ನೋಡಿ, ನೆಟ್ಟಗೆ ನಿಂತಳು.

"ಅಜ್ಜಿ," ಎಂದಳು, ಹಜಾರಕ್ಕೆಲ್ಲ ಕೇಳುವಂತೆ, "ನಾನು ದಿನಾ ತಿಂದಿದ್ದು ನಿನ್ನ ಗಾಯದ ಮೊಟ್ಟೆನಾ?"